ಕಲ್ಲಿಗೆ ಹೊಳಪು ನೀಡುವ ಯಂತ್ರ: ಶಾಲೆಯ ಮೊದಲ ಆಯ್ಕೆ

ಶಿಲೆ ಮತ್ತು ಖನಿಜ, ನದಿಯ ಕಾರ್ಯ, ಘರ್ಷಣೆ ಎಂಬ ಘಟಕಗಳು ಉಚ್ಚ ಪ್ರಾಥಮಿಕ ಇಯತ್ತೆಗಳಲ್ಲಿ ಬೇರೆ ಬೇರೆ ಪಾಠಗಳಾಗಿ ಬರುತ್ತವೆ. ಮೂರನ್ನೂ ಒಂದೇ ಮೇಜಿನ ಮೇಲೆ ತೋರಿಸಬಲ್ಲ ಒಂದು ಚಿಕ್ಕ ಸಾಧನವಿದೆ. ಒರಟು ಕಲ್ಲು, ನೀರು ಮತ್ತು ಸಾಣೆಪುಡಿ ತುಂಬಿದ ಡಬ್ಬಿಯನ್ನು ಹಗಲಿರುಳು ನಿಧಾನವಾಗಿ ಉರುಳಿಸಿ, ಕೆಲವು ವಾರಗಳಲ್ಲಿ ಕಲ್ಲಿಗೆ ಗಾಜಿನಂತಹ ಹೊಳಪು ತರುವ ಯಂತ್ರವದು. ಅಂಗಡಿಗಳಲ್ಲಿ ಇದನ್ನು ರಾಕ್ ಟಂಬ್ಲರ್ ಎನ್ನುತ್ತಾರೆ. ಕಾಫಿ ಕುಡಿಯುವ ಲೋಟಕ್ಕೂ ಇದೇ ಹೆಸರಿರುವುದರಿಂದ ತರಗತಿಯಲ್ಲಿ ನಗೆಗೆ ಎಡೆಯಾಗದಿರದು. ಈ ಪಾಠದಲ್ಲಿ ಇದನ್ನು ಉರುಳು ಯಂತ್ರ ಎಂದು ಕರೆಯಲಾಗಿದೆ.

ವಿಜ್ಞಾನ ಮಂಡಳಿಗೆ ಯಾರಾದರೂ ದಾನಿಗಳು ಹಣ ನೀಡಿದಾಗ ಯಾವ ಯಂತ್ರವನ್ನು ಕೊಳ್ಳಬೇಕೆಂಬ ಪ್ರಶ್ನೆ ಏಳುತ್ತದೆ. ಹಣ ಒಮ್ಮೆ ಮಾತ್ರ ಸಿಗುವ ಶಾಲೆಯಲ್ಲಿ ಈ ಆಯ್ಕೆ ಚಿಕ್ಕದಲ್ಲ. ಆಟಿಕೆಯಂತಹ ಯಂತ್ರವನ್ನು ತಂದರೆ ಅದು ಎರಡನೆಯ ವಾರದಲ್ಲಿ ನಿಲ್ಲುತ್ತದೆ. ಮಕ್ಕಳ ಉತ್ಸಾಹವೂ ಅಲ್ಲಿಗೆ ನಿಲ್ಲುತ್ತದೆ. ಯಂತ್ರ ಚೆನ್ನಾಗಿದ್ದು ಕಲ್ಲು ತಪ್ಪಾದರೂ ಫಲ ಅದೇ. ಆದ್ದರಿಂದ ಯಂತ್ರದ ಬೆಲೆಪಟ್ಟಿಯನ್ನು ಬಿಚ್ಚುವ ಮೊದಲು ಶಿಕ್ಷಕರು ತಮ್ಮ ಊರಿನ ನೆಲವನ್ನು ನೋಡುವುದು ಒಳಿತು.

ಮೊದಲು ಕಲ್ಲು

ಸೊಲ್ಲಾಪುರ ಜಿಲ್ಲೆಯ ನೆಲವೆಲ್ಲ ದಖ್ಖಣದ ಲಾವಾ ಪದರಗಳಿಂದ ಆದುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊರಹೊಮ್ಮಿದ ಲಾವಾ ಪದರ ಪದರವಾಗಿ ಹರಡಿ ಬಸಾಲ್ಟ್ ಶಿಲೆಯಾಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಆವರಿಸಿದೆ. ಕರಜಗಿಯ ಮಕ್ಕಳು ನಡೆದಾಡುವ ಎರೆಮಣ್ಣು ಇದೇ ಶಿಲೆ ಸವೆದು ಆದದ್ದು. ಮನೆಯ ಗೋಡೆಯ ಕರಿಕಲ್ಲೂ ಇದೇ. ಲಾವಾ ಆರುವಾಗ ಅದರಲ್ಲಿದ್ದ ಅನಿಲ ಗುಳ್ಳೆಗಳಾಗಿ ಉಳಿಯಿತು. ಅನಂತರ ಶಿಲೆಯೊಳಗೆ ಜಿನುಗಿದ ನೀರು ಆ ಗುಳ್ಳೆಗಳ ಪೊಳ್ಳುಗಳಲ್ಲಿ ಬೇರೆ ಖನಿಜಗಳನ್ನು ತುಂಬಿತು. ಬಸಾಲ್ಟ್ ಸವೆದು ಮಣ್ಣಾದಾಗ ಈ ಗಟ್ಟಿ ತುಂಬುಗಳು ಸವೆಯದೆ ಉಳಿದು ಹೊಲಕ್ಕೆ, ಹಳ್ಳಕ್ಕೆ, ಕೊನೆಗೆ ಅಕ್ಕಲಕೋಟ ತಾಲೂಕಿನ ದಕ್ಷಿಣದ ಅಂಚಿನಲ್ಲಿ ಹರಿಯುವ ಭೀಮೆಗೆ ಸೇರುತ್ತವೆ.

ಆದ್ದರಿಂದ ಭೀಮೆಯ ದಂಡೆಯ ಜಲ್ಲಿಯಲ್ಲಿ ಕಪ್ಪು ಬಸಾಲ್ಟಿನ ನಡುವೆ ಹಾಲುಬಿಳುಪಿನ, ಬೂದುಬಣ್ಣದ, ಕೆಲವೊಮ್ಮೆ ಕೆಂಪು ಛಾಯೆಯ ಹರಳುಗಳು ಸಿಗುತ್ತವೆ. ಇವು ಕ್ಯಾಲ್ಸೆಡನಿ, ಪಟ್ಟೆಗಳಿದ್ದರೆ ಅಗೇಟ್ ಅಥವಾ ಅಕೀಕು, ಅಪಾರದರ್ಶಕ ಕೆಂಪಾದರೆ ಜಾಸ್ಪರ್. ಎಲ್ಲವೂ ಸ್ಫಟಿಕದ ಕುಲಕ್ಕೆ ಸೇರಿದವು. ದಖ್ಖಣದ ಶಿಲಾಯುಗದ ಜನರು ತಮ್ಮ ಅತಿ ಚಿಕ್ಕ ಅಲಗುಗಳನ್ನು ಕ್ಯಾಲ್ಸೆಡನಿಯಿಂದ ಮಾಡಿಕೊಂಡಿದ್ದರು ಎಂಬುದನ್ನು ಇತಿಹಾಸದ ಪಾಠಕ್ಕೆ ಇಲ್ಲಿಯೇ ಜೋಡಿಸಬಹುದು. ಹೊಸದಾಗಿ ಕೈಹಾಕುವವರಿಗೆ ಉರುಳು ಯಂತ್ರದಲ್ಲಿ ನಿಶ್ಚಿತ ಫಲ ಕೊಡುವ ಕಲ್ಲುಗಳೂ ಇವೇ. ಇವುಗಳ ಕಾಠಿಣ್ಯ 6.5ರಿಂದ 7; ಕಣಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದ ಹೊಳಪು ಸಮನಾಗಿ ಏರುತ್ತದೆ.

ಕಾಠಿಣ್ಯದ ಈ ಅಳತೆಯನ್ನು 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞ ರೂಪಿಸಿದನು. ಯಾವುದು ಯಾವುದರ ಮೇಲೆ ಗೀರು ಎಳೆಯಬಲ್ಲದು ಎಂಬುದಷ್ಟೇ ಅದರ ಆಧಾರ. ಉಗುರು ಸುಮಾರು 2.5, ತಾಮ್ರ 3, ಕಿಟಕಿಯ ಗಾಜು 5.5. ಹಳೆಯ ಪುಸ್ತಕಗಳು ತಾಮ್ರದ ನಾಣ್ಯದಿಂದ ಪರೀಕ್ಷಿಸಲು ಹೇಳುತ್ತವೆ. ಇಂದಿನ ಒಂದು, ಎರಡು ರೂಪಾಯಿಯ ನಾಣ್ಯಗಳು ಸ್ಟೇನ್‌ಲೆಸ್ ಉಕ್ಕಿನವು, ಅವು ಈ ಕೆಲಸಕ್ಕೆ ಬಾರವು. ವೈರಿನೊಳಗಿನ ತಾಮ್ರದ ತಂತಿಯ ತುಂಡನ್ನು ಬಳಸಬೇಕು. ಒಡೆದ ಗಾಜನ್ನು ಮಕ್ಕಳ ಕೈಗೆ ಕೊಡದೆ, ಅಂಚು ಉಜ್ಜಿದ ಹಳೆಯ ಗಾಜಿನ ಫಲಕವನ್ನು ಮೇಜಿನ ಮೇಲಿಟ್ಟು, ಕಲ್ಲಿನ ಚೂಪಾದ ಮೂಲೆಯಿಂದ ಅದರ ಮೇಲೆ ಎಳೆಯಿಸಬೇಕು. ಒದ್ದೆ ಬೆರಳಿನಿಂದ ಉಜ್ಜಿದರೂ ಅಳಿಯದ ಗೀರು ಬಿದ್ದರೆ ಆ ಕಲ್ಲು ಯಂತ್ರಕ್ಕೆ ಯೋಗ್ಯ.

ಯೋಗ್ಯವಲ್ಲದ ಕಲ್ಲುಗಳನ್ನು ಗುರುತಿಸುವುದು ಇನ್ನೂ ಹೆಚ್ಚು ಕಲಿಸುತ್ತದೆ. ಎರೆಹೊಲದಲ್ಲಿ ಸಿಗುವ ಬಿಳಿಯ ಸುಣ್ಣದ ಹರಳು ನೋಟಕ್ಕೆ ಕ್ಯಾಲ್ಸೆಡನಿಯಂತೆಯೇ ಇರಬಹುದು. ಒಂದು ಹನಿ ಲಿಂಬೆರಸ ಬಿಟ್ಟರೆ ಅದು ನೊರೆಗರೆಯುತ್ತದೆ. ಯಂತ್ರದಲ್ಲಿ ಹಾಕಿದರೆ ಎರಡು ದಿನಗಳಲ್ಲಿ ರಾಡಿಯಾಗುತ್ತದೆ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ ಕಲ್ಲೂ ಸುಣ್ಣಶಿಲೆಯೇ, ಕಾಠಿಣ್ಯ 3ರ ಆಸುಪಾಸು. ಅದನ್ನು ಅಗೇಟಿನೊಡನೆ ಬೆರೆಸಿದರೆ ಮೆದುವಾದುದು ಸವೆದು ಹೋಗಿ, ಗಟ್ಟಿಯಾದುದಕ್ಕೆ ಇನ್ನೂ ಉಜ್ಜುವಿಕೆ ಬೇಕಾಗಿರುತ್ತದೆ. ಒಂದು ಡಬ್ಬಿಗೆ ಒಂದೇ ಕಾಠಿಣ್ಯದ ಕಲ್ಲು ಎಂಬ ನಿಯಮಕ್ಕೆ ಕಾರಣ ಇದೇ. ಬಸಾಲ್ಟ್ ಸಾಕಷ್ಟು ಗಟ್ಟಿಯಾದರೂ ಅದರ ಪೊಳ್ಳುಗಳಲ್ಲಿ ದೊಡ್ಡ ಕಣದ ಪುಡಿ ಸಿಕ್ಕಿಕೊಂಡು, ಮುಂದಿನ ಹಂತದಲ್ಲಿ ಹೊರಬಂದು, ಉಳಿದ ಕಲ್ಲುಗಳಿಗೆಲ್ಲ ಗೀರು ಹಾಕುತ್ತದೆ. ಬಾವಿ ತೋಡುವಾಗ ಸಿಗುವ ಸೂಜಿಗಳ ಗೊಂಚಲಿನಂತಹ, ಹಾಳೆಗಳ ಕಟ್ಟಿನಂತಹ ಹರಳುಗಳು ಜಿಯೊಲೈಟುಗಳು. ಅವು ಮೆದು, ಯಂತ್ರದಲ್ಲಿ ಹಾಕಿದರೆ ಪುಡಿಯಾಗುವುದು ಖಂಡಿತ. ದಖ್ಖಣದ ಜಿಯೊಲೈಟುಗಳು ಲೋಕಪ್ರಸಿದ್ಧವಾಗಿದ್ದು, ನಾಸಿಕ ಜಿಲ್ಲೆಯ ಸಿನ್ನರಿನಲ್ಲಿ ಅವುಗಳಿಗಾಗಿಯೇ ‘ಗಾರಗೋಟಿ’ ಎಂಬ ವಸ್ತುಸಂಗ್ರಹಾಲಯವಿದೆ. ಅಂತಹ ಹರಳು ಸಿಕ್ಕಿದರೆ ಹತ್ತಿಯ ಮೇಲಿಟ್ಟು ಶಾಲೆಯ ಕಪಾಟಿನಲ್ಲಿ ಇಡತಕ್ಕದ್ದು.

ತೊಗಲಿನ ಚೀಲದಿಂದ ರಬ್ಬರಿನ ಡಬ್ಬಿಯವರೆಗೆ

ಈ ಯಂತ್ರ ಹೊರದೇಶದ ಹೊಸ ಸೋಜಿಗವೆಂದು ಮಕ್ಕಳು ತಿಳಿಯಬಾರದು. ಗುಜರಾತಿನ ಖಂಭಾತದ ಅಕೀಕಿನ ಕುಶಲಕರ್ಮಿಗಳು ಮಣಿಗಳನ್ನೂ ಕುರಂದದ ಪುಡಿಯನ್ನೂ ನೀರಿನೊಡನೆ ತೊಗಲಿನ ಚೀಲದಲ್ಲಿ ತುಂಬಿ, ಎದುರುಬದುರಾಗಿ ಕುಳಿತ ಇಬ್ಬರು ಅದನ್ನು ಹಿಂದೆ ಮುಂದೆ ಉರುಳಿಸುತ್ತ ಹಲವು ದಿನ ದುಡಿಯುತ್ತಿದ್ದರು. ಇಂದಿನ ಯಂತ್ರದಲ್ಲಿ ಆ ಇಬ್ಬರ ಬದಲು ಮೋಟಾರು ಇದೆ, ಚೀಲದ ಬದಲು ಡಬ್ಬಿ ಇದೆ, ತತ್ತ್ವ ಬದಲಾಗಿಲ್ಲ. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ ಪೈಠಣದಿಂದ ಭರೂಚ ಬಂದರಿಗೆ ಪಟ್ಟೆಯ ಕಲ್ಲುಗಳು, ತಗರದಿಂದ ಬಟ್ಟೆಗಳು ಹೋಗುತ್ತಿದ್ದುದನ್ನು ಹೇಳುತ್ತದೆ. ಆ ತಗರವೇ ನೆರೆಯ ಧಾರಾಶಿವ ಜಿಲ್ಲೆಯ ತೇರ. ಅಲ್ಲಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಸಾತವಾಹನ ಕಾಲದ ಕಲ್ಲಿನ ಮಣಿಗಳಿವೆ. ಶಾಲಾ ಪ್ರವಾಸವನ್ನು ಆ ಕಡೆಗೆ ಯೋಜಿಸಿದರೆ, ಹೊಳೆಯುವ ಮಣಿಯ ಹಿಂದೆ ಎಷ್ಟು ದಿನಗಳ ದುಡಿಮೆ ಇತ್ತೆಂಬುದನ್ನು ಯಂತ್ರದ ಮುಂದೆ ಕಾದು ಕುಳಿತ ಮಕ್ಕಳು ಬೇಗ ಗ್ರಹಿಸುವರು.

ಯಂತ್ರದ ಆಯ್ಕೆ

ಮಾರುಕಟ್ಟೆಯಲ್ಲಿ ಎರಡು ಬಗೆಯ ಯಂತ್ರಗಳಿವೆ. ಒಂದು ಡಬ್ಬಿಯನ್ನು ಉರುಳಿಸುವಂಥದು. ಇನ್ನೊಂದು ಬಟ್ಟಲನ್ನು ನಡುಗಿಸುವಂಥದು, ಅಂದರೆ ಕಂಪನ ಯಂತ್ರ. ಕಂಪನ ಯಂತ್ರ ಬೇಗ ಕೆಲಸ ಮುಗಿಸುತ್ತದೆ, ಕಲ್ಲಿನ ಮೂಲ ಆಕಾರವನ್ನು ಉಳಿಸುತ್ತದೆ. ಆದರೆ ಅದು ಕಲ್ಲನ್ನು ದುಂಡಾಗಿಸದು, ನೀರು, ಪುಡಿಗಳ ಪ್ರಮಾಣವನ್ನು ದಿನಕ್ಕೆ ಹಲವು ಸಲ ನೋಡಿಕೊಳ್ಳಬೇಕು, ಬೆಲೆಯೂ ಹೆಚ್ಚು. ಆಭರಣದ ಕೆಲಸದವರಿಗೆ ಅದು ಸರಿ. ಶಾಲೆಗೆ ಬೇಕಾದುದು ನದಿಯ ಕಾರ್ಯವನ್ನು ತೋರಿಸುವ ಸಾಧನ. ಮೂಲೆಗಳು ವಾರದಿಂದ ವಾರಕ್ಕೆ ಸವೆಯುವುದನ್ನು ಮಕ್ಕಳು ಕಾಣಬೇಕು. ಆದ್ದರಿಂದ ಉರುಳು ಯಂತ್ರವೇ ತಕ್ಕದ್ದು. ಅದರ ನಿಧಾನವೇ ಇಲ್ಲಿ ಗುಣ.

ಅದರಲ್ಲಿ ಮೊದಲು ನೋಡಬೇಕಾದುದು ಡಬ್ಬಿ. ಪ್ಲಾಸ್ಟಿಕ್ ಡಬ್ಬಿ ಅಗ್ಗ, ಆದರೆ ಕಲ್ಲು ಬಡಿಯುವ ಸದ್ದು ಪಕ್ಕದ ತರಗತಿಯನ್ನೂ ಕೆಡಿಸುತ್ತದೆ; ಗಟ್ಟಿ ಗೋಡೆಗೆ ಬಡಿದ ಕಲ್ಲು ಸೀಳುವುದೂ ಉಂಟು. ದಪ್ಪ ರಬ್ಬರಿನ ಡಬ್ಬಿ ಸದ್ದನ್ನು ನುಂಗುತ್ತದೆ, ಕಲ್ಲಿಗೆ ಮೆತ್ತೆಯಾಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಹಣ ಕಡಿಮೆಯಿದ್ದರೆ ಬೇರೆಲ್ಲಿಯಾದರೂ ಉಳಿಸಬಹುದು, ಡಬ್ಬಿಯಲ್ಲಿ ಉಳಿಸಬಾರದು.

ಗಾತ್ರದ ವಿಷಯದಲ್ಲಿ ಅರ್ಧ ಕಿಲೋಗಿಂತ ಕಡಿಮೆಯದು ಬೇಡ. ಕಲ್ಲಿನ ತೂಕವೇ ಉಜ್ಜುವ ಬಲವಾದುದರಿಂದ ಅಷ್ಟು ಚಿಕ್ಕ ಡಬ್ಬಿಯಲ್ಲಿ ಕೆಲಸ ಬಹಳ ನಿಧಾನ. ಐದಾರು ಕಿಲೋದ ಡಬ್ಬಿ ಚೆನ್ನಾಗಿ ದುಡಿಯುತ್ತದೆ, ಆದರೆ ಅದನ್ನು ತುಂಬಲು ಬೇಕಾಗುವಷ್ಟು ಒಳ್ಳೆಯ ಹರಳು ಒಂದು ವಿಹಾರದಲ್ಲಿ ಸಿಗದು. ಸಾಣೆಪುಡಿಯ ಖರ್ಚೂ ಅದೇ ಪ್ರಮಾಣದಲ್ಲಿ ಏರುತ್ತದೆ. ಕೊಳ್ಳುವವರು ಯಂತ್ರದ ಬೆಲೆಯನ್ನು ಮಾತ್ರ ನೋಡಿ, ಪ್ರತಿ ಸಲವೂ ಬೇಕಾಗುವ ಪುಡಿಯ ಬೆಲೆಯನ್ನು ಮರೆಯುವುದು ಸಾಮಾನ್ಯ. ಸುಮಾರು 1.4 ಕಿಲೋ ಹಿಡಿಯುವ ಒಂದು ರಬ್ಬರ್ ಡಬ್ಬಿಯ ಯಂತ್ರ ಶಾಲೆಗೆ ಸರಿಹೊಂದುತ್ತದೆ. ಮುಂದೆ ಹಣ ದೊರೆತರೆ ದೊಡ್ಡ ಯಂತ್ರಕ್ಕಿಂತ ಕೊನೆಯ ಹೊಳಪಿನ ಹಂತಕ್ಕೆಂದೇ ಮೀಸಲಾದ ಎರಡನೆಯ ಡಬ್ಬಿಯನ್ನು ಕೊಳ್ಳುವುದು ಲೇಸು.

ಮೋಟಾರಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹೊರದೇಶದಿಂದ ಬಂಧುಗಳು ಪ್ರೀತಿಯಿಂದ ತಂದುಕೊಡುವ ಯಂತ್ರಗಳಲ್ಲಿ ಅಮೆರಿಕದವು 115 ವೋಲ್ಟಿನ ಆಸುಪಾಸಿನ, 60 ಹರ್ಟ್ಸ್ ವಿದ್ಯುತ್ತಿಗಾಗಿ ಮಾಡಿದವು. ಇಲ್ಲಿನ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುತ್ತದೆ. ವೋಲ್ಟೇಜ್ ತಗ್ಗಿಸುವ ಪರಿವರ್ತಕ ಹಾಕಿದರೂ ಆವರ್ತನ 50 ಹರ್ಟ್ಸ್ ಆಗಿಯೇ ಉಳಿಯುವುದರಿಂದ ಮೋಟಾರು ನಿಧಾನವಾಗಿ ತಿರುಗುತ್ತದೆ, ಹೆಚ್ಚು ಬಿಸಿಯಾಗಲೂಬಹುದು. 230 ವೋಲ್ಟಿನದನ್ನೇ ಕೇಳಿ ಪಡೆಯಬೇಕು. ಬೆಲ್ಟು ಮತ್ತು ಬೇರಿಂಗು ಬಿಚ್ಚಿ ಬದಲಿಸುವಂತಿರಬೇಕು. ಮಗ್ಗಗಳ ಊರಾದ ಸೊಲ್ಲಾಪುರದಲ್ಲಿ ಮೋಟಾರು, ಬೆಲ್ಟು, ರಾಟೆ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಆದರೆ ಪ್ಲಾಸ್ಟಿಕ್ ಹಲ್ಲುಚಕ್ರಗಳನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಅಡಗಿಸಿದ ಆಟಿಕೆ ಯಂತ್ರ ನಿಂತರೆ ಆ ಕೈಗಳೂ ಏನೂ ಮಾಡಲಾರವು. ಕರೆಂಟು ಹೋಗಿ ಬರುವ ಊರಿನಲ್ಲಿ, ಬಂದೊಡನೆ ತಾನಾಗಿ ಮತ್ತೆ ತಿರುಗತೊಡಗುವ ಸರಳ ಯಂತ್ರ, ಪ್ರತಿ ಸಲವೂ ಗುಂಡಿ ಒತ್ತಬೇಕಾದ ಯಂತ್ರಕ್ಕಿಂತ ಮೇಲು.

ವೇಗ ಹೆಚ್ಚಾದಷ್ಟೂ ಒಳ್ಳೆಯದೆಂದು ಮಕ್ಕಳು ಊಹಿಸುವರು. ಹಾಗಲ್ಲ. ವೇಗ ಒಂದು ಮಿತಿಯನ್ನು ದಾಟಿದರೆ ಕಲ್ಲುಗಳು ಡಬ್ಬಿಯ ಗೋಡೆಗೆ ಅಂಟಿಕೊಂಡು ಅದರೊಡನೆಯೇ ಸುತ್ತುತ್ತವೆ, ಉಜ್ಜುವಿಕೆಯೇ ನಡೆಯದು. ಬಕೆಟ್ಟಿನ ನೀರನ್ನು ತಲೆಯ ಮೇಲೆ ಗಿರಕಿ ಹೊಡೆಸಿದರೂ ಚೆಲ್ಲದಿರುವ ತತ್ತ್ವವೇ ಇದು. 42.3ನ್ನು ಮೀಟರಿನಲ್ಲಿರುವ ಡಬ್ಬಿಯ ವ್ಯಾಸದ ವರ್ಗಮೂಲದಿಂದ ಭಾಗಿಸಿದರೆ ಈ ಮಿತಿ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 11 ಸೆಂಟಿಮೀಟರ್ ವ್ಯಾಸದ ಡಬ್ಬಿಗೆ ಅದು ಸುಮಾರು 127. ಉತ್ತಮ ಯಂತ್ರಗಳು ಇದಕ್ಕಿಂತ ಬಹಳ ಕೆಳಗೆ, ನಿಮಿಷಕ್ಕೆ 30ರಿಂದ 60 ಸುತ್ತುಗಳಲ್ಲಿ ತಿರುಗುತ್ತವೆ. ಆಗ ಕಲ್ಲುಗಳು ಒಂದರ ಮೇಲೊಂದು ಜಾರಿ ಇಳಿಯುತ್ತವೆ. ನಿಮಿಷಕ್ಕೆ 30 ಸುತ್ತೆಂದರೂ ವಾರಕ್ಕೆ 3,02,400 ಸುತ್ತುಗಳಾದವು. ಆ ಡಬ್ಬಿಯ ಅಂಚಿನ ಒಂದು ಬಿಂದು ಅಷ್ಟರಲ್ಲಿ ಸುಮಾರು 104 ಕಿಲೋಮೀಟರ್ ಸಾಗಿರುತ್ತದೆ, ಹೆಚ್ಚುಕಡಿಮೆ ಸೊಲ್ಲಾಪುರದಿಂದ ವಿಜಯಪುರದ ದಾರಿಯಷ್ಟು. 25 ವ್ಯಾಟಿನ ಮೋಟಾರು 28 ದಿನ ಎಡೆಬಿಡದೆ ನಡೆದರೆ ತಗಲುವುದು 16.8 ಯೂನಿಟ್, ಮುಖ್ಯಾಧ್ಯಾಪಕರ ಮೊದಲ ಪ್ರಶ್ನೆಗೆ ಈ ಲೆಕ್ಕವೇ ಉತ್ತರ.

ನಾಲ್ಕು ವಾರಗಳ ಉಪಕ್ರಮ

ಡಬ್ಬಿಯ ಮೂರರಲ್ಲಿ ಎರಡು ಪಾಲು ಕಲ್ಲಿರಬೇಕು, ದೊಡ್ಡವು ಚಿಕ್ಕವು ಬೆರೆತಿರಬೇಕು. ನೀರು ಕಲ್ಲುಗಳ ಮೇಲ್ಮಟ್ಟಕ್ಕೆ ತುಸು ಕೆಳಗೆ ನಿಲ್ಲಬೇಕು. 1.4 ಕಿಲೋದ ಡಬ್ಬಿಗೆ ನಾಲ್ಕು ದೊಡ್ಡ ಚಮಚ ಸಾಣೆಪುಡಿ ಸಾಕು. ಈ ಪುಡಿ ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಎಡ್ವರ್ಡ್ ಆಚಿಸನ್ ಕೃತಕವಾಗಿ ತಯಾರಿಸಿದ, ಕಾಠಿಣ್ಯದಲ್ಲಿ 9ನ್ನು ಮೀರಿದ ವಸ್ತು. ಮೊಸಾಯಿಕ್ ನೆಲ ಉಜ್ಜುವವರ ಯಂತ್ರದ ಕಲ್ಲೂ ಇದರದೇ. ಮೊದಲ ವಾರ 60–90ರ ದಪ್ಪ ಪುಡಿ, ಎರಡನೆಯ ವಾರ 120–220, ಮೂರನೆಯ ವಾರ 500, ನಾಲ್ಕನೆಯ ವಾರ ಅಲ್ಯೂಮಿನಿಯಂ ಆಕ್ಸೈಡಿನ ಹೊಳಪುಪುಡಿ. ಸಂಖ್ಯೆ ಏರಿದಂತೆ ಕಣ ಚಿಕ್ಕದಾಗುತ್ತದೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ಮೊದಲ ಹಂತದಲ್ಲಿ ಅವಸರ ಕೂಡದು. ಮೂಲೆಗಳು ಪೂರ್ತಿ ಸವೆಯದಿದ್ದರೆ ಹೊಸ ಪುಡಿ ಹಾಕಿ ಇನ್ನೊಂದು ವಾರ ಉರುಳಿಸಬೇಕು. ಇಲ್ಲಿ ಉಳಿದ ಕುಳಿ ಮುಂದಿನ ಯಾವ ಹಂತದಲ್ಲಿಯೂ ಹೋಗದು. ಹಂತ ಬದಲಿಸುವಾಗ ಕಲ್ಲು, ಡಬ್ಬಿ, ಮುಚ್ಚಳದ ಅಂಚು ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಬೇಕು. ದಪ್ಪ ಪುಡಿಯ ಒಂದು ಕಣ ಉಳಿದರೂ ಹೊಳಪಿನ ವಾರ ವ್ಯರ್ಥ. ಮೊದಲ ಕೆಲವು ದಿನ, ದಿನಕ್ಕೊಮ್ಮೆ ಯಂತ್ರ ನಿಲ್ಲಿಸಿ ಮುಚ್ಚಳ ತೆಗೆದು ಒಳಗೆ ಕೂಡಿದ ಅನಿಲವನ್ನು ಬಿಡಬೇಕು.

ಪ್ರತಿ ಸೋಮವಾರ ಕಲ್ಲುಗಳನ್ನು ಒರೆಸಿ ತೂಗಿ ವಹಿಯಲ್ಲಿ ಬರೆಯಿಸಬೇಕು. ಯಾವ ವಾರ ತೂಕ ಹೆಚ್ಚು ಇಳಿಯಿತು, ಹೊಳಪು ಬಂದ ವಾರ ತೂಕ ಏಕೆ ಹೆಚ್ಚು ಇಳಿಯಲಿಲ್ಲ ಎಂಬ ಚರ್ಚೆಗೆ ಅಲೇಖ ಹಾಳೆ ಸಿದ್ಧವಿರಲಿ. ಒಂದು ಒರಟು ಕಲ್ಲನ್ನು ಯಂತ್ರಕ್ಕೆ ಹಾಕದೆ ಹೋಲಿಕೆಗಾಗಿ ತೆಗೆದಿಡುವುದನ್ನು ಮರೆಯಬಾರದು.

ಈ ಹಂತದಲ್ಲಿ ಯಾವನಾದರೂ ಚುರುಕು ಹುಡುಗ, “ಸರ್, ಹೊಳ್ಯಾಗಿನ ಕಲ್ಲಿಗೆ ಪುಡಿ ಯಾರ್ ಹಾಕ್ಯಾರ್ರಿ?” ಎಂದು ಕೇಳದಿರನು. ಕೇಳದಿದ್ದರೆ ಶಿಕ್ಷಕರೇ ಕೇಳಬೇಕು. ಹೊಳೆಯ ಉಸುಕೇ ಆ ಪುಡಿ. ಅದೂ ಸವೆದ ಕಲ್ಲೇ. ಆದರೆ ಉಸುಕು ದಪ್ಪ ಕಣದ್ದು, ಕಣಗಳನ್ನು ಹಂತ ಹಂತವಾಗಿ ಬದಲಿಸುವವರು ಹೊಳೆಯಲ್ಲಿ ಯಾರೂ ಇಲ್ಲ. ಆದ್ದರಿಂದಲೇ ಹೊಳೆಯ ಕಲ್ಲು ನುಣುಪಾಗಿರುತ್ತದೆ, ಒದ್ದೆಯಿದ್ದಾಗ ಹೊಳೆಯುತ್ತದೆ, ಒಣಗಿದೊಡನೆ ಮಂಕಾಗುತ್ತದೆ. ನೀರು ಸಣ್ಣ ಗೀರುಗಳನ್ನು ತುಂಬಿ ಬೆಳಕನ್ನು ಚದುರಗೊಡುವುದಿಲ್ಲ. ನೀರು ಆರಿದರೆ ಗೀರುಗಳು ಮತ್ತೆ ಬೆಳಕನ್ನು ಚದುರಿಸುತ್ತವೆ. ನುಣುಪು ಬೇರೆ, ಹೊಳಪು ಬೇರೆ ಎಂಬ ಎರಡು ಕನ್ನಡ ಪದಗಳ ಅಂತರವನ್ನು ಭಾಷೆಯ ತಾಸಿನಲ್ಲಿ ಕಲಿಸುವುದಕ್ಕಿಂತ ಈ ಡಬ್ಬಿಯ ಬಳಿ ಕಲಿಸುವುದು ಸುಲಭ.

ಯಂತ್ರಕ್ಕೆ ಹಣವಿಲ್ಲದ ಶಾಲೆ ಪಾಠವನ್ನು ಬಿಡಬೇಕಾಗಿಲ್ಲ. ಗಟ್ಟಿ ಪ್ಲಾಸ್ಟಿಕ್ ಬರಣಿಯಲ್ಲಿ ಚೂಪು ಮೂಲೆಗಳ ಹತ್ತು ಇಟ್ಟಿಗೆ ಚೂರುಗಳನ್ನು ತೂಗಿ ಹಾಕಿ, ಅರ್ಧ ನೀರು ತುಂಬಿ, ಸರದಿಯಂತೆ ಮಕ್ಕಳಿಂದ ಸಾವಿರ ಸಲ ಕುಲುಕಿಸಿದರೆ ನೀರು ಕೆಂಪಾಗುತ್ತದೆ, ಮೂಲೆಗಳು ಮೊಂಡಾಗುತ್ತವೆ, ತೂಕ ಇಳಿಯುತ್ತದೆ. ಹೊಳಪು ಬಾರದು, ನದಿಯ ಕಾರ್ಯವಂತೂ ಒಂದೇ ತಾಸಿನಲ್ಲಿ ಕಣ್ಣಿಗೆ ಕಾಣುತ್ತದೆ.

ಧೂಳು

ಎಲ್ಲ ನಿಯಮಗಳಿಗಿಂತ ಮುಖ್ಯವಾದ ನಿಯಮ ಇಲ್ಲಿದೆ. ಸ್ಫಟಿಕದ ಕುಲದ ಕಲ್ಲನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಬಾರದು, ಕೊರೆಯಬಾರದು, ಸಾಣೆ ಹಿಡಿಯಬಾರದು. ಆಗ ಏಳುವ ಸಿಲಿಕಾದ ಸೂಕ್ಷ್ಮ ಧೂಳು ಪುಪ್ಪುಸದೊಳಗೆ ಸೇರಿ ಅಲ್ಲಿಯೇ ಉಳಿಯುತ್ತದೆ. ಪುಪ್ಪುಸ ಗಟ್ಟಿಯಾಗುತ್ತ ಹೋಗಿ ಉಸಿರು ಕಟ್ಟುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಖಂಭಾತದಲ್ಲಿ ಅಕೀಕನ್ನು ಸಾಣೆಚಕ್ರಕ್ಕೆ ಹಿಡಿಯುವ ಕಾರ್ಮಿಕರಲ್ಲಿಯೂ, ಮಧ್ಯಪ್ರದೇಶದ ಮಂದಸೌರದಲ್ಲಿ ಪಾಟಿಯ ಕಡ್ಡಿಗಳನ್ನು ಕೊಯ್ಯುತ್ತಿದ್ದ ಕಾರ್ಮಿಕರಲ್ಲಿಯೂ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಈ ರೋಗವನ್ನು ಗುರುತಿಸಿದೆ. ಮಕ್ಕಳು ಅಕ್ಷರ ತಿದ್ದುವ ಕಡ್ಡಿಯ ಹಿಂದೆಯೂ ಇಂತಹ ದುಡಿಮೆ ಇತ್ತೆಂಬುದನ್ನು ದೊಡ್ಡ ಇಯತ್ತೆಯ ವಿದ್ಯಾರ್ಥಿಗಳಿಗೆ ತಿಳಿಸುವುದು ಅವಶ್ಯ.

ಉರುಳು ಯಂತ್ರದಲ್ಲಿ ಕೆಲಸವೆಲ್ಲ ಮುಚ್ಚಿದ ಡಬ್ಬಿಯಲ್ಲಿ, ನೀರಿನೊಳಗೆ ನಡೆಯುವುದರಿಂದ ಧೂಳು ಏಳದು. ಹೊಸಬರಿಗೆ ಸಾಣೆಚಕ್ರಕ್ಕಿಂತ ಈ ಯಂತ್ರವನ್ನು ಆಯ್ದುಕೊಳ್ಳುವುದಕ್ಕೆ ಇದೊಂದೇ ಕಾರಣ ಸಾಕು. ಆದರೂ ಚೆಲ್ಲಿದ ರಾಡಿ ಒಣಗಿದರೆ ಧೂಳಾಗುತ್ತದೆ. ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ದೊಡ್ಡ ಕಲ್ಲನ್ನು ಒಡೆಯಬೇಕಾದರೆ ಅದನ್ನು ಶಿಕ್ಷಕರೇ, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಧರಿಸಿ ಒಡೆಯಬೇಕು. ಮಕ್ಕಳು ದೂರ ನಿಲ್ಲಬೇಕು. ಪುಡಿಯನ್ನು ಎತ್ತರದಿಂದ ಸುರಿಯದೆ ಚಮಚದಿಂದ ನೀರಿಗೆ ಬಿಡಬೇಕು. ಬಳಸಿದ ರಾಡಿಯನ್ನು ಮೋರಿಗೆ ಸುರಿದರೆ ಅದು ಸಿಮೆಂಟಿನಂತೆ ಗಟ್ಟಿಯಾಗಿ ಕೊಳವೆಯನ್ನು ಕಟ್ಟುತ್ತದೆ; ಬಕೆಟ್ಟಿನಲ್ಲಿ ತಳಗೂಡಿಸಿ, ಹಸಿಯಿರುವಾಗಲೇ ಚೀಲದಲ್ಲಿ ಕಟ್ಟಿ, ಮಕ್ಕಳು ಆಡದ ಮೂಲೆಯಲ್ಲಿ ಹೂಳಬೇಕು. ಹರಳು ಆರಿಸಲು ಹೊಳೆಗೆ ಹೋಗುವುದು ನೀರು ಇಳಿದ ಬೇಸಿಗೆಯಲ್ಲಿ ಮಾತ್ರ, ಪಾಲಕರ ಒಪ್ಪಿಗೆಯಿಂದ; ಉಸುಕು ತೆಗೆದ ಗುಂಡಿಗಳ ಬಳಿ ಬೇಡವೇ ಬೇಡ. ತಲೆಗೊಂದು ಹಿಡಿಯಷ್ಟು ಹರಳು ಸಾಕು.

ಸ್ವಾಧ್ಯಾಯ

1. ನಿಮ್ಮ ಮನೆಯ ಸುತ್ತ ಸಿಗುವ ಐದು ಬಗೆಯ ಕಲ್ಲುಗಳನ್ನು ತಂದು, ತಾಮ್ರದ ತಂತಿ, ಗಾಜು ಮತ್ತು ಲಿಂಬೆರಸದಿಂದ ಪರೀಕ್ಷಿಸಿ ಕೋಷ್ಟಕ ತಯಾರಿಸಿರಿ. ಪ್ರತಿಯೊಂದಕ್ಕೂ ಮನೆಯಲ್ಲಿ ಹಿರಿಯರು ಬಳಸುವ ಹೆಸರನ್ನು ಕೇಳಿ ಬರೆಯಿರಿ.

2. ನಿಮಿಷಕ್ಕೆ 45 ಸುತ್ತು ತಿರುಗುವ ಡಬ್ಬಿ ಒಂದು ದಿನದಲ್ಲಿ ಎಷ್ಟು ಸುತ್ತು ತಿರುಗುತ್ತದೆ? ದಿನಕ್ಕೆ ನಾಲ್ಕು ತಾಸು ಕರೆಂಟು ಇಲ್ಲದಿದ್ದರೆ ಒಂದು ವಾರದ ಕೆಲಸ ಮುಗಿಯಲು ಎಷ್ಟು ದಿನ ಬೇಕು?

3. ಶಹಾಬಾದ ಕಲ್ಲು ಮತ್ತು ಅಕೀಕನ್ನು ಒಂದೇ ಡಬ್ಬಿಯಲ್ಲಿ ಏಕೆ ಹಾಕಬಾರದು?

4. ಖಂಭಾತದಲ್ಲಿ ತೊಗಲಿನ ಚೀಲ ಉರುಳಿಸುತ್ತಿದ್ದವನ ಕೆಲಸ, ಸಾಣೆಚಕ್ರದ ಮುಂದೆ ಕುಳಿತವನ ಕೆಲಸ: ಇವೆರಡರಲ್ಲಿ ಪುಪ್ಪುಸಕ್ಕೆ ಹೆಚ್ಚು ಅಪಾಯ ಯಾವುದರಿಂದ? ಕಾರಣ ಕೊಡಿರಿ.